ಇಳಿತದ ಹೊತ್ತಿಗೊಂದು ಬಸ್ಸು

ಶಿವನಸಮುದ್ರದ ನಮ್ಮ ಹೈಸ್ಕೂಲಿನಲ್ಲಿ ಸಮುದ್ರವೆಂಬುದು ವಿಜ್ಞಾನದ ಬೀರುವಿನ ಮೇಲಿನ ಅರೆಯಲ್ಲಿತ್ತು. ಫಾರ್ಮಲಿನ್ ತುಂಬಿದ ಬಾಟಲಿಗಳ ಒಂದು ಸಾಲು. ಒಂದರಲ್ಲಿ ನಕ್ಷತ್ರಮೀನು, ಒಂದರಲ್ಲಿ ಕಡಲಕುದುರೆ, ಇನ್ನೊಂದರಲ್ಲಿ ಸ್ಪಂಜು, ಮತ್ತೊಂದರಲ್ಲಿ ಲೇಬಲ್ಲು ಕಳಚಿಹೋಗಿ ಏನೆಂದು ಯಾರೂ ಹೇಳಲಾರದ ಒಂದು ಜೀವಿ. ಆ ಕೊನೆಯದನ್ನು ನನಗಿಂತ ಹಿಂದಿನವರು ಶತಪದಿ ಎಂದು ಪಾಠ ಮಾಡಿದ್ದರಂತೆ, ಅವರಿಗಿಂತ ಹಿಂದಿನವರು ಸಿಗಡಿ ಎಂದಿದ್ದರಂತೆ. ನಾನು ಬಾಟಲಿಯನ್ನು ಗೋಡೆಯ ಕಡೆಗೆ ತಳ್ಳಿ ಪಾಠ ಮುಂದುವರಿಸುತ್ತಿದ್ದೆ. ಬಣ್ಣವೆಂಬುದು ಯಾವುದಕ್ಕೂ ಉಳಿದಿರಲಿಲ್ಲ, ಎಲ್ಲವೂ ಒಂದೇ ಮಾಸಲು ಹಳದಿ. ಮಕ್ಕಳು ಕಂಟಕಚರ್ಮಿ, ಕುಟುಕುಕಣವಂತ, ಮೃದ್ವಂಗಿ ಎಂದು ಬಾಯಿಪಾಠ ಮಾಡಿ ಅಂಕ ಗಿಟ್ಟಿಸುತ್ತಿದ್ದರು. ಬ್ಲಫ್, ಬೆಳಕವಾಡಿ, ಸುತ್ತಲ ಹಳ್ಳಿಗಳಿಂದ ಬರುವ ಮಕ್ಕಳು ಅವರು. ಮಳೆಗಾಲದಲ್ಲಿ ಗಗನಚುಕ್ಕಿ, ಭರಚುಕ್ಕಿಗಳ ಮೊರೆತ ಕೇಳಿಕೊಂಡೇ ಬೆಳೆದವರು. ಹೊಳೆಯ ಸುಳಿ, ಮಡು, ಜಾರುಬಂಡೆಗಳ ವಿಷಯದಲ್ಲಿ ಅವರೇ ನನಗೆ ಪಾಠ ಹೇಳಬಲ್ಲರು. ಉಪ್ಪುನೀರಿನ ಸಂಗತಿ ಬಂದಾಗ ಮಾತ್ರ ಬಾಟಲಿಯೇ ಗತಿ.

ಇದಕ್ಕೆ ಭೂಗೋಳ ಎಷ್ಟು ಕಾರಣವೋ ಚರಿತ್ರೆಯೂ ಅಷ್ಟೇ ಕಾರಣ. 1956ರ ನವೆಂಬರ್ 1ರ ತನಕ ಮೈಸೂರು ರಾಜ್ಯಕ್ಕೆ ಒಂದು ಗೇಣು ಕರಾವಳಿಯೂ ಇರಲಿಲ್ಲ. ದಕ್ಷಿಣ ಕನ್ನಡ ಮದ್ರಾಸಿನ ಕೈಯಲ್ಲಿತ್ತು, ಉತ್ತರ ಕನ್ನಡ ಬೊಂಬಾಯಿಯ ಕೈಯಲ್ಲಿತ್ತು. ತಮಾಷೆಯೆಂದರೆ, ನಮ್ಮ ಹೊಳೆ ಕಾವೇರಿಯ ಆಚೆ ದಡದ ಕೊಳ್ಳೇಗಾಲ ಆಗ ಕೊಯಮತ್ತೂರು ಜಿಲ್ಲೆಗೆ ಸೇರಿ ಮದ್ರಾಸಿನಲ್ಲೇ ಇತ್ತು. ಹಾಗಾಗಿ ಸತ್ತೇಗಾಲದ ಹುಡುಗನಿಗೂ ಮಂಗಳೂರಿನ ಮೊಗವೀರರ ಹುಡುಗನಿಗೂ ಒಂದೇ ಸರ್ಕಾರ. ಈಚೆ ದಡದ ಬೆಳಕವಾಡಿಯ ಹುಡುಗನಿಗೆ ಸಮುದ್ರವಿಲ್ಲದ ಸರ್ಕಾರ. 1902ರಲ್ಲಿ ಈ ದಡದಿಂದ ತೊಂಬತ್ತು ಮೈಲಿಗೂ ಆಚೆ ಇರುವ ಕೋಲಾರದ ಚಿನ್ನದ ಗಣಿಗೆ ತಂತಿಯ ಮೇಲೆ ವಿದ್ಯುತ್ತು ಕಳಿಸಿದ ಊರು ಇದು. ಶೇಷಾದ್ರಿ ಅಯ್ಯರ್ ಕಾಲದಲ್ಲಿ ಕಂಡ ಕನಸು, ಲೋಬಿನಿಯೇರ್ ಎಂಬ ಎಂಜಿನಿಯರ್ ಹಾಕಿದ ನಕ್ಷೆ. ಬೆಂಗಳೂರಿಗೆ ದೀಪ ಬಂದದ್ದು ಇನ್ನೂ ಮೂರು ವರ್ಷ ಕಳೆದ ಮೇಲೆ. ಅಂಥ ಊರಿನ ಮಕ್ಕಳಿಗೆ ತಮ್ಮದೇ ರಾಜ್ಯದ ಕಡಲು ದಕ್ಕಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ದಕ್ಕಿದ ಮೇಲಾದರೂ ನೋಡಿದೆವೆ ಎಂದರೆ, ಅದನ್ನೇ ಹೇಳಲು ಹೊರಟಿದ್ದೇನೆ.

ಶೈಕ್ಷಣಿಕ ಪ್ರವಾಸದ ಕರಪತ್ರವನ್ನು ನೀವು ಓದಿರಬಹುದು. ಸುಬ್ರಹ್ಮಣ್ಯ, ಧರ್ಮಸ್ಥಳ, ಕಟೀಲು, ಉಡುಪಿ, ಹೊರನಾಡು, ಶೃಂಗೇರಿ. ಕೊನೆಗೆ ಕಂಸದೊಳಗೆ ‘ಸಮಯವಿದ್ದರೆ ಬೀಚ್’. ಸಮಯ ಇರುವುದೇ ಇಲ್ಲ, ಇದ್ದರೂ ಮುಸ್ಸಂಜೆಯ ಅರ್ಧ ಗಂಟೆ. ಅಷ್ಟರಲ್ಲಿ ಮಕ್ಕಳು ಮೊಣಕಾಲುದ್ದ ನೀರಿಗಿಳಿದು ಕಿರುಚಿ, ಚುರುಮುರಿ ತಿಂದು, ಒಂಟೆಯ ಮೇಲೆ ಕೂತವನ ಫೋಟೊ ನೋಡಿ ಹೊಟ್ಟೆ ಉರಿಸಿಕೊಂಡು, ತಲೆ ಎಣಿಸುವ ಮೇಷ್ಟರ ಸೀಟಿ ಕೇಳಿ ಬಸ್ಸು ಹತ್ತಬೇಕು. ಸುಮಾರು 320 ಕಿಲೋಮೀಟರಿನ ಕರಾವಳಿ ಇರುವ ರಾಜ್ಯದ ಮಕ್ಕಳು ಸಮುದ್ರ ಕಂಡದ್ದು ಇಷ್ಟೆ. ಇದನ್ನು ನಾನು ಬಹಳ ವರ್ಷ ನೋಡಿದೆ. ಆಮೇಲೆ ಒಮ್ಮೆ, ನಿವೃತ್ತಿ ಹತ್ತಿರವಾದಾಗ ಬರುವ ಒಂದು ಮೊಂಡು ಧೈರ್ಯದಲ್ಲಿ, ಒಂಬತ್ತನೇ ತರಗತಿಯವರನ್ನು ಬರೀ ಸಮುದ್ರಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದು ಸ್ಟಾಫ್ ಮೀಟಿಂಗಿನಲ್ಲಿ ಘೋಷಿಸಿದೆ. ಅದೂ ಇಳಿತದ ಹೊತ್ತಿಗೆ ಸರಿಯಾಗಿ.

ಇಳಿತವನ್ನು ವಿವರಿಸಿದೆ. ಕಡಲು ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷಕ್ಕೊಮ್ಮೆ ಏರಿ ಇಳಿಯುತ್ತದೆ, ದಿನದಿಂದ ದಿನಕ್ಕೆ ಐವತ್ತು ನಿಮಿಷದಷ್ಟು ತಡವಾಗುತ್ತದೆ, ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಸಾಲಿಗೆ ಬಂದು ನೀರು ಎಲ್ಲಕ್ಕಿಂತ ಕೆಳಗೆ ಇಳಿಯುತ್ತದೆ, ಆಗ ಮಾತ್ರ ಬಂಡೆಯ ಕೆಳಸಾಲು ಹೊರಬೀಳುತ್ತದೆ, ನೋಡಬೇಕಾದದ್ದು ಇರುವುದು ಅಲ್ಲೇ ಎಂದೆ. ಎಲ್ಲರೂ ತಲೆಯಾಡಿಸಿದರು. ದಿನಾಂಕ ಯಾವುದು ಎಂದು ಮುಖ್ಯೋಪಾಧ್ಯಾಯರು ಕೇಳಿದರು. ಅಮಾವಾಸ್ಯೆ ಎಂದೆ. ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಅಮಾವಾಸ್ಯೆ ದಿನ ಹೆತ್ತವರು ಮಕ್ಕಳನ್ನು ಅಂಗಡಿಗೂ ಕಳಿಸುವುದಿಲ್ಲ, ಸಮುದ್ರಕ್ಕೆ ಕಳಿಸುತ್ತಾರೆಯೆ ಎಂದು ಕನ್ನಡ ಮೇಷ್ಟರು ನಿಧಾನವಾಗಿ ಕೇಳಿದರು. ವಿಜ್ಞಾನದವಳಾಗಿ ನಾನು ಅಲ್ಲಿ ಒಂದು ಭಾಷಣ ಮಾಡಬೇಕಿತ್ತು. ಮಾಡಲಿಲ್ಲ. ಚಂದ್ರ ದಯಾಮಯಿ, ಹುಣ್ಣಿಮೆಗೂ ಅಷ್ಟೇ ನೀರು ಇಳಿಸುತ್ತಾನೆ. ಹೊಸ್ತಿಲ ಹುಣ್ಣಿಮೆ ಎಂದು ಗೊತ್ತಾಯಿತು, ಡಿಸೆಂಬರ್ ತಿಂಗಳು, ಕಡಲೂ ತಣ್ಣಗಿರುತ್ತದೆ. ಇಳಿತ ಅತಿ ಹೆಚ್ಚಾಗುವುದು ಹುಣ್ಣಿಮೆ ಕಳೆದು ಒಂದೆರಡು ದಿನಕ್ಕೆ. ಆ ಪಶ್ಚಿಮದ ದಡದಲ್ಲಿ ಅಂಥ ದಿನಗಳ ಒಂದು ಇಳಿತ ಬೆಳಕು ಹರಿಯುವ ಆಸುಪಾಸಿಗೆ ಬೀಳುತ್ತದೆ. ಹುಣ್ಣಿಮೆಯ ಮರುದಿನ ಹೊರಟು ಅದರ ಮರುದಿನ ಬೆಳಿಗ್ಗೆ ಬಂಡೆಯ ಮೇಲಿರುವುದು ಎಂದು ನಿರ್ಧಾರವಾಯಿತು. ಹೆತ್ತವರ ಸಭೆಯಲ್ಲಿ ಒಬ್ಬ ತಾಯಿ, ಪೌರ್ಣಮಿ ಆದ್ಮೇಲೆ ಯಾವ ದೇವ್ರ ದರ್ಶನ ಮಿಸ್ ಎಂದು ಕೇಳಿದಳು. ಉಡುಪಿ ಕೃಷ್ಣನದು ಎಂದೆ. ಸುಳ್ಳೇನಲ್ಲ, ಉಳಿದುಕೊಂಡದ್ದು ಉಡುಪಿಯಲ್ಲೇ.

ಊರಿನ ಹೆಸರಿನ ಮೇಲೆ ಮಾಡಬಹುದಾದ ತಮಾಷೆಗಳನ್ನೆಲ್ಲ ಬಸ್ಸು ಮಳವಳ್ಳಿ ದಾಟುವುದರೊಳಗೆ ಹುಡುಗರು ಮಾಡಿ ಮುಗಿಸಿದರು, ನಾನು ಮತ್ತೆ ಮಾಡುವುದಿಲ್ಲ. ನನಗೆ ಬೇಕಾಗಿದ್ದದ್ದು ದಾರಿ. ಶಿರಾಡಿಯ ಬದಲು ಮಡಿಕೇರಿಯ ದಾರಿ ಹಿಡಿಸಿದೆ. ಮೈಸೂರು, ಹುಣಸೂರು, ಪಿರಿಯಾಪಟ್ಟಣ ಕಳೆದು ಕುಶಾಲನಗರಕ್ಕೆ ಬಂದಾಗ ನಮ್ಮ ಹೊಳೆ ಮತ್ತೆ ಸಿಕ್ಕಿತು. ಇಷ್ಟೇ ಅಗಲವಾ ಎಂದು ಮಕ್ಕಳಿಗೆ ಆಶ್ಚರ್ಯ. ಮಡಿಕೇರಿ ದಾಟಿ ಸಂಪಾಜೆ ಘಾಟಿ ಇಳಿಯುವಾಗ ಪಕ್ಕದ ಕಣಿವೆಯ ನೀರು ತೋರಿಸಿ, ಇದು ಕಾವೇರಿಗೆ ಸೇರುವುದಿಲ್ಲ ಎಂದೆ. ಅದು ಪಯಸ್ವಿನಿ, ಸುಳ್ಯದ ಮೇಲೆ ಹರಿದು ಕಾಸರಗೋಡಿನ ಹತ್ತಿರ ಚಂದ್ರಗಿರಿ ಎಂಬ ಹೆಸರಿನಲ್ಲಿ ಅರಬ್ಬೀ ಸಮುದ್ರಕ್ಕೆ ಬೀಳುತ್ತದೆ. ತಲಕಾವೇರಿಯಿಂದ ಈ ಪಡುಗಡಲಿಗೆ ನೆಟ್ಟಗೆ ಗೆರೆ ಎಳೆದರೆ ಐವತ್ತು ಕಿಲೋಮೀಟರಿನಷ್ಟು ದೂರ. ಅಷ್ಟು ಹತ್ತಿರ ಹುಟ್ಟಿದ ನದಿ ಬೆನ್ನು ತಿರುಗಿಸಿ, 800 ಕಿಲೋಮೀಟರಿನಷ್ಟು ನಡೆದು, ನಮ್ಮೂರಿನ ಬಂಡೆಗಳ ಮೇಲಿಂದ ಧುಮುಕಿ, ಪೂಂಪುಹಾರಿನಲ್ಲಿ ಬಂಗಾಳ ಕೊಲ್ಲಿ ಸೇರುತ್ತದೆ. ಮಕ್ಕಳು ತಾವು ನೋಡಲು ಹೋಗುತ್ತಿರುವುದು ತಮ್ಮ ಹೊಳೆ ಸೇರುವ ಸಮುದ್ರವನ್ನೇ ಎಂದುಕೊಂಡಿದ್ದರು. ಅಲ್ಲ ಎಂದು ತಿಳಿದಾಗ ಕೆಲವರಿಗೆ ಮೋಸ ಹೋದಂತಾಯಿತು. ಪವರ್‌ಹೌಸಿನವರ ಮಗಳೊಬ್ಬಳು ಪುಸ್ತಕದ ಹಿಂದೆ ನಕ್ಷೆ ಬರೆದುಕೊಂಡು, ಅದು ಹಿಂಗೆ ಯಾಕ್ ಹೋಯ್ತು ಎಂದಳು. ಘಟ್ಟದ ಪಡುವಣ ಮೈ ಕಡಿದು, ಮೂಡಣ ಮೈ ಇಳಿಜಾರು ಎಂದು ಹೇಳಿದೆ. ಭೂಗೋಳದ ಪೀರಿಯಡ್ಡಿನಲ್ಲಿ ಇದೇ ವಾಕ್ಯಕ್ಕೆ ಆಕಳಿಸುವವಳು ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೋಡಿದಳು.

ನೀರಿನ ನಿಯಮವನ್ನು ಬಸ್ಸಿನಲ್ಲೇ ಹೇಳಿಯಾಗಿತ್ತು: ಹರಡು ಮುಳುಗಬಾರದು. ಹೊಳೆಯ ಮಕ್ಕಳಿಗೆ ಇದು ಅವಮಾನ. ನಮಗೆ ಈಜು ಬರ್ತದೆ ಎಂದರು. ಅದೇ ನನ್ನ ಭಯ. ಹೊಳೆಯ ಸೆಳವು ಒಂದೇ ದಿಕ್ಕಿನದು, ಬಲ್ಲವನು ಅದಕ್ಕೆ ಓರೆಯಾಗಿ ಈಜಿ ದಡ ಹಿಡಿಯುತ್ತಾನೆ. ಕಡಲು ದಡಕ್ಕೆ ತಳ್ಳಿದ ನೀರನ್ನು ಕಾಲಡಿಯಿಂದ ವಾಪಸು ಎಳೆದುಕೊಳ್ಳುತ್ತದೆ, ಎಳೆಯುವ ಜಾಗ ಮೇಲಿನಿಂದ ಶಾಂತವಾಗಿ ಕಾಣುತ್ತದೆ. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹೆಣ್ಣುಮಕ್ಕಳು ಮುರ್ಡೇಶ್ವರದ ಕಡಲಿನಲ್ಲಿ ಹೋದರು. ನಾನು ಆಗ ನಿವೃತ್ತಳಾಗಿ ಮನೆಯಲ್ಲಿದ್ದೆ, ಆದರೂ ಆ ಸುದ್ದಿ ಓದಿ ಒಂದೆರಡು ದಿನ ಊಟ ಸೇರಲಿಲ್ಲ. ಪ್ರವಾಸವನ್ನೇ ನಿಲ್ಲಿಸಿ ಎಂದು ಆಗ ಅನೇಕರು ಹೇಳಿದರು. ನನಗೆ ಹಾಗನ್ನಿಸುವುದಿಲ್ಲ. ಮಕ್ಕಳಿಗೆ ಕಡಲಿನಲ್ಲಿ ಮಾಡಲು ಏನೂ ಕೆಲಸ ಕೊಡದೆ ಬಿಟ್ಟರೆ ಅವರು ಆಳಕ್ಕೆ ಹೋಗುತ್ತಾರೆ. ನೋಡಲು ಏನಾದರೂ ಕೊಟ್ಟರೆ ಹರಡುಮಟ್ಟದ ನೀರಿನಲ್ಲಿ ಬಗ್ಗಿ ನಿಂತು ತಲೆ ಎತ್ತುವುದಿಲ್ಲ. ನಾನು ಕಣ್ಣಾರೆ ಕಂಡದ್ದು.

ಉಡುಪಿಯಿಂದ ಮರುದಿನ ಬೆಳಿಗ್ಗೆ ಕಾಪುವಿನ ಕಡಲತಡಿಗೆ ನಾವು ಹೋದಾಗ ಇನ್ನೂ ಮಬ್ಬು. ದೀಪಸ್ತಂಭ ಉರಿಯುತ್ತಿತ್ತು. 1901ರಲ್ಲಿ ಕಟ್ಟಿದ್ದು, ನಮ್ಮ ಪವರ್‌ಹೌಸಿಗಿಂತ ಒಂದು ವರ್ಷ ದೊಡ್ಡದು ಎಂದಾಗ ಹುಡುಗರು ಅದನ್ನು ಗೌರವದಿಂದ ನೋಡಿದರು. ಅದರ ಬುಡದ ಸುತ್ತಲಿನ ಬಂಡೆಗಳಿಂದ ನೀರು ಹಿಂದೆ ಸರಿದಿತ್ತು. ಬಂಡೆ ಮೇಲಿನಿಂದ ಕೆಳಕ್ಕೆ ಪಟ್ಟಿ ಪಟ್ಟಿಯಾಗಿ ಬಣ್ಣ ಬದಲಿಸುತ್ತದೆ. ಅದನ್ನು ಮೊದಲು ಗಮನಿಸಿದ್ದು ಮಕ್ಕಳೇ. ತುದಿಯಲ್ಲಿ ಒಣಗಿದ ಕಲ್ಲು, ಅಲ್ಲಿ ಸಣ್ಣ ಬಸವನಹುಳುಗಳು. ಅದರ ಕೆಳಗೆ ಬೂದುಬಣ್ಣದ ಒರಟು ಪಟ್ಟಿ. ಅದರ ಕೆಳಗೆ ಕಲ್ಲಿಗೇ ಬೆರೆತು ಅಂಟಿಕೊಂಡ ಸಿಂಪಿಗಳು, ಸೀಳುಗಳಲ್ಲಿ ಗೊಂಚಲುಗೊಂಚಲಾಗಿ ಪಚ್ಚಿಲೆ. ಇನ್ನೂ ಕೆಳಗೆ ಹಸಿರು ಪಾಚಿ, ಕಂದು ಪಾಚಿ. ಯಾವುದು ಎಷ್ಟು ಹೊತ್ತು ನೀರಿಲ್ಲದೆ ಬಿಸಿಲು ತಡೆಯಬಲ್ಲದೋ ಅದಕ್ಕೆ ತಕ್ಕ ಎತ್ತರ. ಇದು ನನ್ನ ಮಾತಲ್ಲ, ಹುಡುಗರದು. ಗಗನಚುಕ್ಕಿಯ ಬಂಡೆಗಳಲ್ಲಿ ಯಾವ ಸಾಲಿನ ತನಕ ಪ್ರವಾಹ ಬಂದಿತ್ತೆಂದು ಪಾಚಿಯ ಬಣ್ಣ ನೋಡಿ ಹೇಳುವವರಿಗೆ ಇದು ಕಷ್ಟವಾಗಲಿಲ್ಲ. ಪುಸ್ತಕದಲ್ಲಿ ಇದಕ್ಕೆ ವಲಯೀಕರಣ ಎಂದು ಹೆಸರಿದೆ, ಅದನ್ನು ಬೋರ್ಡಿನ ಮೇಲೆ ಕಲಿಸಲು ನನಗೆ ಒಂದು ವಾರ ಹಿಡಿಯುತ್ತಿತ್ತು.

ಬೂದುಬಣ್ಣದ ಒರಟು ಪಟ್ಟಿ ಬಾರ್ನಕಲ್‌ಗಳದು. ಕಾಲಿಗೆ ಚುಚ್ಚುವ ಕಲ್ಲಿನ ಗುಳ್ಳೆಗಳೆಂದು ಎಲ್ಲರೂ ಅಂದುಕೊಂಡರು. ಒಂದನ್ನು ಹೊಂಡದ ನೀರಿನೊಳಗೆ ತೋರಿಸಿದೆ. ತುದಿಯ ಬಾಗಿಲು ತೆರೆದು ಒಂದು ಸಣ್ಣ ಗರಿ ಹೊರಬಂದು ನೀರನ್ನು ಬಾಚಿ ಒಳಗೆ ಹೋಯಿತು, ಮತ್ತೆ ಬಂತು. ಆ ಗರಿ ಅದರ ಕಾಲುಗಳು. ಈ ಪ್ರಾಣಿ ತಲೆಯನ್ನು ಕಲ್ಲಿಗೆ ಅಂಟಿಸಿಕೊಂಡು, ಸುತ್ತ ಸುಣ್ಣದ ಗೋಡೆ ಕಟ್ಟಿಕೊಂಡು, ಉಳಿದ ಆಯಸ್ಸನ್ನೆಲ್ಲ ಕಾಲಿನಿಂದ ಊಟ ಬಾಯಿಗೆ ಹಾಕಿಕೊಳ್ಳುತ್ತ ಕಳೆಯುತ್ತದೆ. ಸಿಗಡಿ, ನಳ್ಳಿಗಳ ಒಕ್ಕಲಿಗೇ ಸೇರಿದ್ದು. ಡಾರ್ವಿನ್ ಇವುಗಳ ಹಿಂದೆ 1846ರಿಂದ ಎಂಟು ವರ್ಷ ಬಿದ್ದಿದ್ದ. ಮನೆಯಲ್ಲಿ ಅಪ್ಪ ದಿನವೂ ಮಾಡುವ ಕೆಲಸ ಅದೊಂದೇ ಆದ್ದರಿಂದ ಅವನ ಮಕ್ಕಳಲ್ಲೊಬ್ಬ, ಪಕ್ಕದ ಮನೆಯವರು ತಮ್ಮ ಬಾರ್ನಕಲ್ ಕೆಲಸವನ್ನು ಎಲ್ಲಿ ಮಾಡುತ್ತಾರೆಂದು ಕೇಳಿದನಂತೆ. ಈ ಕಥೆ ನಮ್ಮ ಮಕ್ಕಳಿಗೆ ಬಹಳ ಹಿಡಿಸಿತು. ಊರಿಗೆ ಹಿಂದಿರುಗಿದ ಮೇಲೂ ಮನೆಪಾಠಕ್ಕೆ ಅವರಲ್ಲಿ ಬಾರ್ನಕಲ್ ಎಂದೇ ಹೆಸರಾಯಿತು.

ಇಷ್ಟರಲ್ಲಿ ಬೆಳಕವಾಡಿ ಕಡೆಯ ಹುಡುಗನೊಬ್ಬ ಗುಂಪಿನಿಂದ ತಪ್ಪಿಸಿಕೊಂಡಿದ್ದ. ಹೆಸರು ಬೇಡ. ತರಗತಿಯಲ್ಲಿ ಹಿಂದಿನ ಬೆಂಚು, ಅಂಕಗಳು ನೂರಕ್ಕೆ ಇಪ್ಪತ್ತರ ಆಜೂಬಾಜು. ಆದರೆ ಗದ್ದೆಯ ಬದುವಿನ ಬಿಲ ನೋಡಿ ಒಳಗೆ ನಳ್ಳಿ ಇದೆಯೋ ಇಲ್ಲವೋ, ಇದ್ದರೆ ಸಾರಿಗಾಗುವಷ್ಟು ದಪ್ಪವೋ ಅಲ್ಲವೋ ಎಂದು ಹೇಳಬಲ್ಲವನು. ಅವನು ಒಂದು ಸೀಳಿನೊಳಗೆ ಕೈಹಾಕಿ, ಹಿಂದಿನಿಂದ ಚಿಪ್ಪು ಒತ್ತಿ ಹಿಡಿದು, ಒಂದು ಕಡಲ ನಳ್ಳಿಯನ್ನು ಹೊರಗೆಳೆದಿದ್ದ. ಬುಡಬಾರದು, ಹಿಂಗೇ ಒತ್ತಬೇಕು ಎಂದು ಸುತ್ತ ನಿಂತವರಿಗೆ ಪಾಠ ನಡೆದಿತ್ತು. ತಿರುಗಿಸಿ ಹೊಟ್ಟೆಯ ಮುಚ್ಚಳ ನೋಡಿ ಹೆಣ್ಣು ಎಂದ; ಅಗಲ ಮುಚ್ಚಳ ಹೆಣ್ಣು, ಕಿರಿದಾದರೆ ಗಂಡು, ಅದು ಗದ್ದೆಯಲ್ಲೂ ಕಡಲಿನಲ್ಲೂ ಒಂದೇ. ಮುಚ್ಚಳದ ಕೆಳಗೆ ಕಿತ್ತಳೆ ಬಣ್ಣದ ಮೊಟ್ಟೆಗಳ ಮುದ್ದೆ. ಅವನು ಅದನ್ನು ಬಹಳ ಹೊತ್ತು ನೋಡಿದ.

“ಇದ್ರ ಮೊಟ್ಟೆ ಇಷ್ಟ್ ಸಣ್ಣಕ್ ಅವೆ ಮಿಸ್. ನಮ್ ಗದ್ದೆ ನಳ್ಳೀದು ದಪ್ಪ. ಒಟ್ಟೆ ಬಿಚ್ಚುದ್ರೆ ಮರಿಗೋಳೇ ಪುಳುಪುಳು ಅಂತವೆ. ಇದ್ರ ಮರಿ ಎಲ್ಲಿ?”

ನನ್ನ ವೃತ್ತಿಯಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ಬಂದಿಲ್ಲ. ಸಿಹಿನೀರಿನ ನಳ್ಳಿಯ ಮೊಟ್ಟೆ ದೊಡ್ಡದು, ಸಂಖ್ಯೆ ಕಡಿಮೆ. ಒಳಗೇ ಬೆಳೆದು ಮರಿ ನಳ್ಳಿಯಾಗಿಯೇ ಹೊರಬಂದು ಕೆಲವು ಕಾಲ ತಾಯಿಯ ಹೊಟ್ಟೆಯ ಮುಚ್ಚಳಕ್ಕೆ ಕಚ್ಚಿಕೊಂಡಿರುತ್ತದೆ. ಕಡಲ ನಳ್ಳಿಯದು ಬೇರೆಯೇ ಸಂಸಾರ. ಸಾವಿರಗಟ್ಟಲೆ ಮೊಟ್ಟೆ, ಒಡೆದು ಹೊರಬರುವುದು ನಳ್ಳಿಯೇ ಅಲ್ಲ, ತಲೆಯ ಮೇಲೆ ಮುಳ್ಳು, ದೊಡ್ಡ ಕಣ್ಣು, ಬಾಲ ಇರುವ ಜೋಯಿಯಾ ಎಂಬ ಧೂಳಿನಷ್ಟು ಸಣ್ಣ ಈಜುಗಾರ. ಅದು ತೆರೆದ ಕಡಲಿನಲ್ಲಿ ತೇಲಿ, ಪೊರೆ ಕಳಚಿ ಕಳಚಿ, ಉಳಿದರೆ ಕೊನೆಗೆ ನಳ್ಳಿಯ ಆಕಾರಕ್ಕೆ ಬಂದು ದಡ ಸೇರುತ್ತದೆ. ಆ ಜೋಯಿಯಾ ಎಷ್ಟು ಬೇರೆಯಾಗಿ ಕಾಣುತ್ತದೆಂದರೆ ಯುರೋಪಿನ ವಿದ್ವಾಂಸರು ಅದನ್ನು ಒಂದು ಪ್ರತ್ಯೇಕ ಪ್ರಾಣಿಯೆಂದೇ ಎಣಿಸಿ ಹೆಸರಿಟ್ಟಿದ್ದರು. ಐರ್ಲೆಂಡಿನ ಕಾರ್ಕ್ ಊರಿನಲ್ಲಿದ್ದ ಜಾನ್ ವಾನ್ ಥಾಂಪ್ಸನ್ ಎಂಬ ಸೇನಾ ವೈದ್ಯ 1820ರ ದಶಕದ ಕೊನೆಗೆ ಅದು ನಳ್ಳಿಯ ಮರಿಯೆಂದು ತೋರಿಸಿದ. ಬಾರ್ನಕಲ್ ಮೃದ್ವಂಗಿಯಲ್ಲ, ನಳ್ಳಿಯ ನೆಂಟ ಎಂದು ತೋರಿಸಿದವನೂ ಅವನೇ, ಅದರ ಮರಿಯನ್ನೂ ನೋಡಿಯೇ.

ಗದ್ದೆಯ ನಳ್ಳಿ ಮಾತ್ರ ಯಾಕೆ ಹಾಗೆ ಎಂದು ನಾನು ಕೇಳಿದೆ. ಕೇಳಿ ಸುಮ್ಮನೆ ನಿಂತೆ, ಮುಂದಿನ ಬೆಂಚಿನವರ ಕಡೆ ನೋಡಲಿಲ್ಲ. ಅವನು ನಳ್ಳಿಯನ್ನು ಹಿಡಿದುಕೊಂಡೇ ಒಂದು ನಿಮಿಷ ಯೋಚಿಸಿ ಹೇಳಿದ: “ಒಳೇಲಿ ಅಂಗ್ ಬುಟ್ರೆ ಮರಿ ಕೊಚ್ಕಂಡ್ ಓಯ್ತವೆ. ಗಗನಚುಕ್ಕೀಲಿ ಬಿದ್ರೆ ಮುಗೀತು. ಅದ್ಕೆ ಅವ್ವನೇ ಇಟ್ಕತಳೆ.”

ಹರಿಯುವ ನೀರಿನಲ್ಲಿ ತೇಲುಮರಿಗೆ ಬಾಳಿಲ್ಲ. ಪ್ರಾಣಿಶಾಸ್ತ್ರದ ದಪ್ಪ ಪುಸ್ತಕಗಳು ಕೊಡುವ ಒಂದು ಮುಖ್ಯ ಕಾರಣವೂ ಇದೇ. ಮರಿಗಳು ತಾಯಿಯ ಹತ್ತಿರವೇ ಉಳಿಯುವುದರಿಂದ ಸಿಹಿನೀರಿನ ನಳ್ಳಿಗಳು ದೂರ ಹರಡಲಾರವು. ಹಾಗಾಗಿ ಘಟ್ಟದ ಒಂದೊಂದು ಕಣಿವೆಗೆ ಒಂದೊಂದು ಜಾತಿ ಬೇರೆಯಾಗಿ ನಿಂತಿದೆ. ಅಷ್ಟನ್ನು ನಾನು ಸೇರಿಸಿದೆ. ಉಳಿದದ್ದು ಅವನದು. ನಳ್ಳಿಯನ್ನು ಅದೇ ಸೀಳಿಗೆ ಬಿಡಲು ಹೇಳಿದಾಗ ಮಾತ್ರ ಮುಖ ಸಣ್ಣದಾಯಿತು. ಸಾರಿನ ಲೆಕ್ಕ ಹಾಕಿದ್ದನೆಂದು ಕಾಣುತ್ತದೆ.

ನಕ್ಷೆ ಬರೆದುಕೊಂಡಿದ್ದ ಹುಡುಗಿಗೆ ಒಂದು ಕಲ್ಲಿನ ಅಡಿಯಲ್ಲಿ ಸಪೂರ ತೋಳುಗಳ ಬ್ರಿಟಲ್‌ಸ್ಟಾರ್ ಸಿಕ್ಕಿತು, ನಕ್ಷತ್ರಮೀನಿನ ಹತ್ತಿರದ ನೆಂಟ. ಅವಳ ಪ್ರಶ್ನೆ ಇನ್ನೊಂದು ಬಗೆಯದು. ಮೀನು ಎರಡೂ ಕಡೆ ಇದೆ, ನಳ್ಳಿ ಎರಡೂ ಕಡೆ ಇದೆ, ಬಸವನಹುಳು ಎರಡೂ ಕಡೆ ಇದೆ, ಇದು ಯಾಕೆ ಕಾವೇರಿಗೆ ಬರಲಿಲ್ಲ? ಬರಲಿಲ್ಲ, ನಿಜ. ಕಂಟಕಚರ್ಮಿಗಳ ಇಡೀ ವಂಶದಲ್ಲಿ, ನಕ್ಷತ್ರಮೀನು, ಕಡಲಮುಳ್ಳು, ಕಡಲಸೌತೆ ಎಲ್ಲ ಸೇರಿ, ಜಗತ್ತಿನ ಯಾವ ಸಿಹಿನೀರಿನಲ್ಲೂ ಒಂದೇ ಒಂದು ಜಾತಿ ಇಲ್ಲ. ಇವುಗಳ ಮೈಯೊಳಗಿನ ಕೊಳವೆಗಳಲ್ಲಿ ಓಡುವುದು ಬಹುಮಟ್ಟಿಗೆ ಕಡಲ ನೀರೇ, ಅದರ ಒತ್ತಡದಿಂದಲೇ ಸಣ್ಣ ಕಾಲುಗಳನ್ನು ಚಾಚುತ್ತವೆ. ಲೀಟರಿಗೆ 35 ಗ್ರಾಮಿನಷ್ಟು ಉಪ್ಪಿರುವ ನೀರಿಗೆ ಹೊಂದಿಕೊಂಡ ಮೈ, ಉಪ್ಪು ಕಳೆದುಹೋಗದಂತೆ ತಡೆಯುವ ಮೂತ್ರಪಿಂಡದಂಥ ಅಂಗ ಯಾವುದೂ ಇಲ್ಲ. ಸಿಹಿನೀರಿಗೆ ಬಂದರೆ ಊದಿ ಸಾಯುತ್ತವೆ. ಪರೀಕ್ಷೆಯಲ್ಲಿ ಇದೇ ಮಕ್ಕಳು ಕಂಟಕಚರ್ಮಿಗಳು ಕೇವಲ ಕಡಲವಾಸಿಗಳು ಎಂದು ಬರೆದು ಒಂದು ಅಂಕ ಪಡೆದಿದ್ದರು. ಯಾಕೆಂದು ಆ ತನಕ ಯಾರೂ ಕೇಳಿರಲಿಲ್ಲ.

ಅದನ್ನು ಬಾಟಲಿಗೆ ಹಾಕಿಕೊಂಡು ಹೋಗೋಣ ಎಂದು ಒಬ್ಬ ಚೀಲ ಬಿಚ್ಚಿದ. ಬೇಡವೆಂದೆ. ಇದರಲ್ಲಿ ನನ್ನ ಮಾತು ಖಡಾಖಂಡಿತ. ಹಿಂದೆ ಕಾಲೇಜಿನವರು ಬಕೆಟ್ಟುಗಳೊಂದಿಗೆ ಬಂದು ಬಂಡೆ ಕೆರೆದುಕೊಂಡು ಹೋಗುತ್ತಿದ್ದ ಕಾಲವೊಂದಿತ್ತು. ಕಾನೂನೂ ಈಗ ಬಿಗಿಯಾಗಿದೆ: ಕಡಲಕುದುರೆ, ಕಡಲಸೌತೆ, ಹವಳ, ಕೆಲವು ಶಂಖಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗಳಲ್ಲಿವೆ. ಆದರೆ ನನ್ನನ್ನು ಹೆಚ್ಚು ತಡೆದದ್ದು ಇಂಗ್ಲೆಂಡಿನ ಒಂದು ಕಥೆ. ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಕೃತಿತಜ್ಞ 1850ರ ದಶಕದಲ್ಲಿ ಡೆವನ್ ಕರಾವಳಿಯ ಹೊಂಡಗಳ ಬಗ್ಗೆ ಎಷ್ಟು ಚೆನ್ನಾಗಿ ಬರೆದನೆಂದರೆ, ಓದಿದವರೆಲ್ಲ ರೈಲು ಹತ್ತಿ, ಗಾಜಿನ ಜಾಡಿ ಹಿಡಿದು ಬಂದರು. ಆ ಹೊಂಡಗಳು ಬರಿದಾದದ್ದನ್ನು ಅವನ ಮಗ ಎಡ್ಮಂಡ್ ಗಾಸ್ 1907ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಬಹಳ ನೋವಿನಿಂದ ದಾಖಲಿಸಿದ್ದಾನೆ. ಪ್ರೀತಿಯಿಂದಲೇ ಆದ ನಾಶ. ನಮ್ಮಲ್ಲಿ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಇದೆ. ವಿದ್ಯಾರ್ಥಿಗಳನ್ನು ಕರೆದುಕೊಂಡು ಗಿಡ ನೋಡಲು ಹೋದ ಕಥೆ, 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದನ್ನು ಓದಿದವರಿಗೆ ಕಾಡಿಗೆ ಹೋಗಬೇಕೆನಿಸುತ್ತದೆ. ಕಡಲಂಚಿನ ಬಗ್ಗೆ ಅಷ್ಟು ರುಚಿಯಾಗಿ ಕನ್ನಡದಲ್ಲಿ ಯಾರಾದರೂ ಬರೆಯಲಿ ಎಂದು ನನಗೆ ಆಸೆ. ಬರೆದರೆ ಮೊದಲ ಪುಟದಲ್ಲೇ, ಎತ್ತಿದ ಕಲ್ಲನ್ನು ಎತ್ತಿದ ಹಾಗೆಯೇ ಮಲಗಿಸಿ ಎಂದು ಅಚ್ಚು ಹಾಕಿಸಲಿ.

ಸೂರ್ಯ ಮೇಲೆ ಬಂದು ನೀರು ಏರತೊಡಗಿತು. ಒಂದು ಗಂಟೆಯ ಹಿಂದೆ ನಾವು ಕುಕ್ಕರುಗಾಲಿನಲ್ಲಿ ಕೂತಿದ್ದ ಹೊಂಡಕ್ಕೆ ಅಲೆ ನುಗ್ಗಿತು. ಯಾರೂ ಸೀಟಿ ಊದಲಿಲ್ಲ. ಕಡಲೇ ಬೆಲ್ಲು ಹೊಡೆಯಿತೆಂದು ಒಬ್ಬಳು ಅಂದಳು. ಬೆಳಗಿನ ಉಪಾಹಾರಕ್ಕೆ ನಮ್ಮ ಅಡುಗೆಯವರು ಊರಿನಿಂದಲೇ ರಾಗಿಹಿಟ್ಟು ತಂದು ಮುದ್ದೆ ಕಟ್ಟಿದ್ದರು. ಕಾಪುವಿನ ಮರಳಿನ ಮೇಲೆ ಕೂತು ಮುದ್ದೆ, ಅವರೆಕಾಳಿನ ಸಾರು ಉಂಡೆವು. ಹಾದುಹೋದ ಒಬ್ಬ ಮೊಗವೀರ ಅಜ್ಜಿ ಇಣುಕಿ ನೋಡಿ, ತುಳುವಿನಲ್ಲಿ ಏನೋ ಹೇಳಿ ನಕ್ಕು ಹೋದರು.

ಅಲ್ಲಿಂದ ಮಲ್ಪೆ. ಸೇಂಟ್ ಮೇರೀಸ್ ದ್ವೀಪದ ದೋಣಿಯ ಆಸೆ ಮಕ್ಕಳಿಗೆ, ನನಗೆ ಬಂದರಿನ ಕಸದ ರಾಶಿಯ ಮೇಲೆ ಕಣ್ಣು. ಟ್ರಾಲ್ ಬಲೆ ಕಡಲ ತಳವನ್ನು ಗುಡಿಸಿಕೊಂಡು ಬರುತ್ತದೆ. ಬಂಗುಡೆ, ಅಂಜಲ್, ಬೊಂಡಾಸ್ ಬೇರೆಯಾದ ಮೇಲೆ ಉಳಿಯುವ ಬೆಲೆಯಿಲ್ಲದ ರಾಶಿ ಮೀನುಹಿಟ್ಟಿನ ಕಾರ್ಖಾನೆಗೆ ಹೋಗುತ್ತದೆ. ವಾಸನೆಗೆ ಮೂಗು ಮುಚ್ಚಿಕೊಂಡ ಮಕ್ಕಳು ಐದು ನಿಮಿಷದಲ್ಲಿ ಎರಡೂ ಕೈ ಹಾಕಿ ಕೆದಕುತ್ತಿದ್ದರು. ಪಠ್ಯದ ಅಧ್ಯಾಯ ಅಷ್ಟೂ ಅಲ್ಲಿತ್ತು. ಊದಿಕೊಂಡ ಬುಡ್ಡೆಮೀನು, ಸಣ್ಣ ಶಾರ್ಕು, ತಟ್ಟೆಯಂಥ ನಂಗ್, ಶಂಖದೊಳಗೆ ಕೂತ ಸನ್ಯಾಸಿ ಏಡಿ, ನಕ್ಷತ್ರಮೀನು. “ಮಿಸ್, ನಮ್ ಬಾಟ್ಲು!” ಎಂದು ಒಬ್ಬಳು ಕೂಗಿದಳು. ಕೈಯಲ್ಲಿ ಹಿಡಿದಿದ್ದದ್ದು ಒಂದು ಸ್ಕ್ವಿಲ್ಲಾ. ಸೂರ್ಯನಕುದುರೆ ಹುಳುವಿನ ಹಾಗೆ ಮುಂಗಾಲು ಮಡಚಿಕೊಂಡ, ಚಪ್ಪಟೆ ಮೈಯ, ಸಿಗಡಿಯೂ ಅಲ್ಲದ ಶತಪದಿಯೂ ಅಲ್ಲದ ಪ್ರಾಣಿ. ಮಂಗಳೂರು, ಮಲ್ಪೆಗಳ ಬಲೆಗೆ ಇದು ಬುಟ್ಟಿಗಟ್ಟಲೆ ಬೀಳುತ್ತದೆ. ನಮ್ಮ ಶಾಲೆಯಲ್ಲಿ ಅಷ್ಟು ವರ್ಷ ಅನಾಮಧೇಯವಾಗಿ ನಿಂತಿದ್ದದ್ದು ಇದೇ. ಆ ರಾಶಿಯಲ್ಲಿ ಬೆರಳುದ್ದದ ಮರಿಮೀನುಗಳೂ ತುಂಬ ಇದ್ದವು. ಜೂನ್ 1ರಿಂದ ಜುಲೈ 31ರವರೆಗೆ ಈ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ ಏಕೆ ಕೊಡುತ್ತಾರೆಂದು ನಾನು ಪ್ರತ್ಯೇಕ ಹೇಳಬೇಕಾಗಲಿಲ್ಲ.

ಊರಿಗೆ ಬಂದ ಮೇಲಿನ ಸಂಗತಿಯನ್ನು ಚುಟುಕಾಗಿ ಹೇಳುತ್ತೇನೆ. ನಾನು ಅಂದುಕೊಂಡಿದ್ದದ್ದು ಮಕ್ಕಳು ಸಮುದ್ರದ ಬಗ್ಗೆ ಬರೆಯುತ್ತಾರೆಂದು. ಅವರು ಹೊಳೆಯ ಬಗ್ಗೆ ಕೇಳತೊಡಗಿದರು. ನಮ್ಮ ಹೊಳೆಯಲ್ಲಿ ಕಡಲಿಗೆ ಹೋಗಿ ಬರುವವರು ಯಾರಾದರೂ ಇದ್ದಾರೆಯೆ? ಇದ್ದಾರೆ. ಕಾವೇರಿಯ ಹಾವುಮೀನು ಸಿಹಿನೀರಿನಲ್ಲಿ ವರ್ಷಗಟ್ಟಲೆ ಬೆಳೆದು, ಮೊಟ್ಟೆಯಿಡಲು ಕಡಲಿಗೆ ಹೋಗುತ್ತದೆ. ಗಾಜಿನಂತೆ ಪಾರದರ್ಶಕವಾದ ಅದರ ಮರಿಗಳು ನದೀಮುಖದಿಂದ ಮೇಲಕ್ಕೆ ಈಜುತ್ತವೆ, ಒದ್ದೆ ಬಂಡೆಯನ್ನೂ ತೆವಳಿ ಹತ್ತುತ್ತವೆ. ಕಾವೇರಿಯ ದೊಡ್ಡ ಸಿಗಡಿಯ ಮರಿಗಳಿಗೆ ಮೊದಲ ದಿನಗಳಲ್ಲಿ ಉಪ್ಪು ಬೆರೆತ ಅಳಿವೆಯ ನೀರೇ ಬೇಕು, ಬಲಿತ ಮೇಲೆ ನದಿಯ ಮೇಲ್ಮುಖ ಪಯಣ. ನಳ್ಳಿ ಕಡಲಿನ ಹಂಗು ಹರಿದುಕೊಂಡಿತು, ಇವಕ್ಕೆ ಆಗಲಿಲ್ಲ. 1934ರಲ್ಲಿ ಮೆಟ್ಟೂರಿನ ಅಣೆಕಟ್ಟು ಬಂದ ಮೇಲೆ ಆ ದಾರಿಯೇ ಮುಚ್ಚಿತು. ಗಗನಚುಕ್ಕಿಯನ್ನು ಅವು ಹತ್ತಬಲ್ಲವಾಗಿರಬಹುದು, ಅಷ್ಟು ಎತ್ತರದ ಕಾಂಕ್ರೀಟು ಗೋಡೆ ಹತ್ತಲು ಯಾವ ಮೀನಿನ ಮರಿಗೂ ಆಗದು. ವಿದ್ಯುತ್ತಿನ ಊರಿನ ಮಕ್ಕಳಿಗೆ ಇದನ್ನು ಹೇಳುವಾಗ ನನಗೆ ಸ್ವಲ್ಪ ಸಂಕೋಚವಾಯಿತು. ಅವರಲ್ಲಿ ಅನೇಕರ ಮನೆಯ ಅನ್ನ ಬರುವುದೇ ಕಟ್ಟಿ ತಿರುಗಿಸಿದ ನೀರಿನಿಂದ. ಆದರೆ ಲೆಕ್ಕದ ಎರಡೂ ಬದಿ ಗೊತ್ತಿರಬೇಕಾದದ್ದು ಬೇರೆಯವರಿಗಿಂತ ಅವರಿಗೇ.

ಎನ್‌ಸಿಇಆರ್‌ಟಿ 2022ರಲ್ಲಿ ಪಠ್ಯದ ಭಾರ ಇಳಿಸುವಾಗ ಒಂಬತ್ತನೇ ತರಗತಿಯ ವಿಜ್ಞಾನದಿಂದ ‘ಜೀವಿಗಳಲ್ಲಿ ವೈವಿಧ್ಯ’ದ ಅಧ್ಯಾಯವನ್ನು ಇಡಿಯಾಗಿ ತೆಗೆದುಹಾಕಿತು. ಬಾಯಿಪಾಠದ ಹಿಂಸೆ ಹೋಯಿತು ಎಂದು ಸಂತೋಷಪಟ್ಟವರಿದ್ದಾರೆ. ನನಗೆ ಅದು ತಪ್ಪು ಕೆಲಸವೆನಿಸಿದೆ. ತೆಗೆಯಬೇಕಾಗಿದ್ದದ್ದು ಬಾಟಲಿಯನ್ನು, ಪಾಠವನ್ನಲ್ಲ. ಇರಲಿ, ಪಾಠ ತೆಗೆಯಬಹುದು, ಕಾಪುವಿನ ಬಂಡೆಯನ್ನು ಯಾವ ಸಮಿತಿಯೂ ತೆಗೆಯಲಾರದು. ಮುಂದಿನ ಡಿಸೆಂಬರಿಗೆ ಬಸ್ಸು ಗೊತ್ತುಮಾಡಲಿರುವ ಮೇಷ್ಟ್ರುಗಳಲ್ಲಿ, ಮೇಡಮ್ಮುಗಳಲ್ಲಿ ನನ್ನದೊಂದು ವಿನಂತಿ. ಸರ್ವೆ ಆಫ್ ಇಂಡಿಯಾ ಪ್ರತಿ ವರ್ಷ ಉಬ್ಬರ ಇಳಿತದ ಪಟ್ಟಿ ಪ್ರಕಟಿಸುತ್ತದೆ, ಮಂಗಳೂರಿನದೂ ಅದರಲ್ಲಿದೆ, ಈಗ ಮೊಬೈಲಿನಲ್ಲೂ ಸಿಗುತ್ತದೆ. ಮುಂಗಡ ಕೊಡುವ ಮೊದಲು ಅದನ್ನು ನೋಡಿ ದಿನ ಗೊತ್ತುಮಾಡಿ. ಎಲ್ಲರ ಕಾಲಿಗೂ ಹಳೆಯ ಕ್ಯಾನ್ವಾಸ್ ಶೂ ಇರಲಿ, ಬಾರ್ನಕಲ್ ಕೊಯ್ಯುತ್ತದೆ. ಅಲೆಗೆ ಬೆನ್ನು ಕೊಟ್ಟು ಯಾರೂ ನಿಲ್ಲದಿರಲಿ, ಹತ್ತು ಮಕ್ಕಳಿಗೆ ಒಬ್ಬರಾದರೂ ದೊಡ್ಡವರಿರಲಿ. ದೇವಸ್ಥಾನಗಳನ್ನು ಬಿಡಿ ಎನ್ನುತ್ತಿಲ್ಲ, ಅವನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ.